ಬ್ಯಾಟರಿ ಹೋಗಿರಲಿಲ್ಲ, ಬ್ರಾಕೆಟ್ ಇರಲಿಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರು ಸಂಖ್ಯಾಶಾಸ್ತ್ರ ಕಲಿಸುವವರು, ಇಲ್ಲ ಅದನ್ನು ಪಾಸು ಮಾಡಲು ಒದ್ದಾಡುತ್ತಿರುವವರು. ಹಾಗಾಗಿ ಪೀಠಿಕೆ ಬೇಡ. ಶಾಲೆಯ ಲೆಕ್ಕದ ಬುನಾದಿ ಗಟ್ಟಿ ಇದ್ದವರೇ ಸಂಖ್ಯಾಶಾಸ್ತ್ರ ಪಾಸಾಗುತ್ತಾರೆ ಅನ್ನೋದು ನನ್ನ ವಾದ, ನೇರ ಕಥೆಗೆ ಬರುತ್ತೇನೆ.

ಒಮ್ಮೆ ತರಗತಿಯಲ್ಲಿ 1, 7, 7 ಅಂತ ಮೂರೇ ಅಂಕಿ ಕೊಟ್ಟು ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಲೆಕ್ಕ ಹಾಕಿ ಅಂದೆ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಎದ್ದು ಬಂದ. "ಸರ್, ಕ್ಯಾಲ್ಕುಲೇಟರ್ ಮ್ಯಾಥ್ ಎರರ್ ಅಂತಿದೆ. ಬ್ಯಾಟರಿ ಹೋಗಿರ್ಬೇಕು." ಪಕ್ಕದವನದ್ದು ಇಸ್ಕೊಂಡು ಮಾಡು ಅಂದೆ. ಮಾಡಿದ. "ಸರ್, ಇದೂ ಕೆಟ್ಟಿದೆ!"

ನೋಟ್‌ಬುಕ್ ತೆಗೆದು ನೋಡಿದೆ. ಸರಾಸರಿ 5, ಸರಿ. ವ್ಯತ್ಯಾಸಗಳು -4, 2, 2, ಅದೂ ಸರಿ. ಸೂತ್ರ ಬಾಯಿಪಾಠ: ವ್ಯತ್ಯಾಸಗಳ ವರ್ಗ ಮಾಡಿ, ಕೂಡಿ, ಅಂಕಿಗಳ ಎಣಿಕೆಗಿಂತ ಒಂದು ಕಮ್ಮಿಯಿಂದ ಭಾಗಿಸಿ, ವರ್ಗಮೂಲ ತೆಗೆಯುವುದು. ಮೂರರಿಂದ ಅಲ್ಲ, ಎರಡರಿಂದ ಭಾಗಿಸಬೇಕು ಅಂತಲೂ ಗೊತ್ತು. ಆದರೆ -4ಕ್ಕೆ ಬ್ರಾಕೆಟ್ ಹಾಕದೆ ವರ್ಗದ ಬಟನ್ ಒತ್ತಿದ್ದ. ಯಂತ್ರ ಮೊದಲು 4ರ ವರ್ಗ ಮಾಡಿ, ಆಮೇಲೆ ಮೈನಸ್ ಅಂಟಿಸಿತು. -16, ಅದಕ್ಕೆ 4, ಇನ್ನೊಂದು 4, ಒಟ್ಟು -8. ಎರಡರಿಂದ ಭಾಗಿಸಿದರೆ -4. ಅದರ ವರ್ಗಮೂಲ ಕೇಳಿದರೆ ಪಾಪ ಯಂತ್ರ ಏನು ಮಾಡೀತು? ಬ್ರಾಕೆಟ್ ಹಾಕಿದ್ದರೆ 24, 12, ಉತ್ತರ ಸುಮಾರು 3.46.

ಬಟನ್ ತಪ್ಪು ಒತ್ತುವುದು ಯಾರಿಗಾದರೂ ಆಗುತ್ತೆ, ನನಗೂ ಆಗಿದೆ. ನನಗೆ ಕಸಿವಿಸಿಯಾದದ್ದು, ವೇರಿಯನ್ಸ್, ಅಂದರೆ ವರ್ಗಮೂಲಕ್ಕೆ ಮುಂಚಿನ ಆ ಅಂಕಿ, -4 ಅಂತ ತಾನೇ ಬರೆದುಕೊಂಡಾಗಲೂ ಅವನಿಗೆ ಅನುಮಾನ ಬರಲಿಲ್ಲವಲ್ಲ, ಅದು. ವರ್ಗಗಳನ್ನು ಕೂಡಿದರೆ ಮೈನಸ್ ಬರೋದು ಹೇಗೆ? ಅದು ಸಂಖ್ಯಾಶಾಸ್ತ್ರದ ಪ್ರಶ್ನೆಯೇ ಅಲ್ಲ, ಶಾಲೆಯ ಲೆಕ್ಕ.

ಇನ್ನೂ ಒಂದು ಮಾತು. ಅವನಿಗೆ ಅದೃಷ್ಟ ಇತ್ತು, ಯಂತ್ರ ಬೈದು ಹೇಳಿತು. ಅಂಕಿಗಳು 2, 4, 9 ಆಗಿದ್ದರೆ ಅದೇ ತಪ್ಪಿಗೆ 1.73 ಅಂತ ಸುಮ್ನೆ ಉತ್ತರ ಬರುತ್ತಿತ್ತು, ಸರಿ ಉತ್ತರ 3.6 ಇದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲೆಕ್ಕ ಎಲ್ಲ ಕಂಪ್ಯೂಟರ್ ಮಾಡುತ್ತೆ ಬಿಡಿ ಅನ್ನುವವರು ಎಕ್ಸೆಲ್‌ನಲ್ಲಿ -4ರ ವರ್ಗ ಹಾಗೇ ಟೈಪ್ ಮಾಡಿ ನೋಡಿ, 16 ಬರುತ್ತೆ. ಒಂದು ಯಂತ್ರ ಹಾಗೆ, ಒಂದು ಹೀಗೆ. ಯಾವುದನ್ನು ನಂಬುತ್ತೀರಿ?

ನನ್ನ ವಾದ ಇಷ್ಟೇ, ಬೇಜಾರಾದರೂ ಮತ್ತೆ ಹೇಳುತ್ತೇನೆ: ನಮ್ಮ ಮಕ್ಕಳು ಮುಗ್ಗರಿಸುವುದು ಕ್ಯಾಲ್ಕುಲಸ್‌ನಲ್ಲಿ ಅಲ್ಲ. ಭಿನ್ನರಾಶಿ, ದಶಮಾಂಶ, ಮೈನಸ್. ಪಿ-ವ್ಯಾಲ್ಯೂ, ಅಂದರೆ ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ, 0.008 ಬಂತು; ಸಾಮಾನ್ಯವಾಗಿ ಇಟ್ಟುಕೊಳ್ಳುವ ಗಡಿ 0.05ಕ್ಕಿಂತ ಜಾಸ್ತಿ ಅಂತ ಬರೆಯುತ್ತಾರೆ. ಯಾಕೆ? ಎಂಟು ಐದಕ್ಕಿಂತ ದೊಡ್ಡದು, ಅಲ್ವಾ! ಇಡೀ ಲೆಕ್ಕ ಸರಿ ಮಾಡಿ, ಕೊನೆಯ ಸಾಲಿನಲ್ಲಿ ತೀರ್ಮಾನ ತಲೆಕೆಳಗು.

ಟಿ-ಟೆಸ್ಟ್, ಅಂದರೆ ಸರಾಸರಿಯಲ್ಲಿ ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ನೋಡುವ ಲೆಕ್ಕ, ಅದೂ ಹಾಗೇ. 1908ರಲ್ಲಿ ಗಾಸೆಟ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಅದನ್ನು ಪ್ರಕಟಿಸಿದ್ದು 'ಸ್ಟೂಡೆಂಟ್' ಅನ್ನುವ ಹೆಸರಿನಲ್ಲಿ, ಆ ಹೆಸರಿನವರಿಗೇ ಇವತ್ತು ಅದು ಕಾಟ ಕೊಡುತ್ತಿದೆ. ಸ್ಯಾಂಪಲ್ ಸರಾಸರಿಗೂ ನಾವು ಊಹಿಸಿದ ಸರಾಸರಿಗೂ ವ್ಯತ್ಯಾಸ 4, ಡೀವಿಯೇಷನ್ 10, ಸ್ಯಾಂಪಲ್‌ನಲ್ಲಿರುವವರು 25. ಹತ್ತನ್ನು 25ರ ವರ್ಗಮೂಲ ಐದರಿಂದ ಭಾಗಿಸಿದರೆ 2, ನಾಲ್ಕನ್ನು ಅದರಿಂದ ಭಾಗಿಸಿದರೆ 2. ಬ್ರಾಕೆಟ್ ಇಲ್ಲದೆ ಸಾಲಾಗಿ ಒತ್ತುತ್ತಾ ಹೋದರೆ 0.08. ಮತ್ತೆ ಅದೇ ಬ್ರಾಕೆಟ್!

ಹಾಂ, ಮುಂದಿನ ಸಾಲಿನಲ್ಲಿ ಒಬ್ಬರು ನಗುತ್ತಿದ್ದಾರೆ, ಯಾಕೆ ಅಂತ ಗೊತ್ತು. ಬುನಾದಿ ಗಟ್ಟಿ ಇರುವವರು ಮೊದಲಿಂದಲೂ ಜಾಸ್ತಿ ಓದುವವರೇ ಇರಬಹುದು, ಅದಕ್ಕೇ ಪಾಸಾಗುತ್ತಾರೆ, ಲೆಕ್ಕದಿಂದ ಅಲ್ಲ ಅಂತ ತಾನೇ? ಸರಿ, ಒಪ್ಪಿದೆ. ಸಹಸಂಬಂಧ, ಅಂದರೆ ಎರಡು ವಿಷಯ ಒಟ್ಟಿಗೆ ಏರಿಳಿಯುವುದು, ಕಂಡರೆ ಅದೇ ಕಾರಣ ಅನ್ನಬಾರದು ಅಂತ ಪಾಠ ಮಾಡುವವನೇ ನಾನು. ಆದರೆ ಆ -4 ಎಲ್ಲಿಂದ ಬಂತು ಅಂತ ನನ್ನ ಕಣ್ಣಾರೆ ನೋಡಿದ್ದೇನೆ.

ಚೀಟಿ ಬಂತು, ಎರಡೇ ನಿಮಿಷ ಅಂತೆ. ಶೇಕಡಾ ಬಗ್ಗೆ ಹೇಳಬೇಕಿತ್ತು: 4ರಿಂದ 6 ಶೇಕಡಾ ಆದರೆ ಏರಿಕೆ ಎರಡು ಶೇಕಡಾ-ಅಂಶವೋ, ಇದ್ದದ್ದರ ಶೇಕಡಾ 50ವೋ? ಎರಡೂ ಸರಿ, ಊಟದ ಹೊತ್ತಿಗೆ ಜಗಳ ಆಡೋಣ. ಗ್ರಾಫ್ ಬಿಟ್ಟೆ. ಇಷ್ಟು ಮಾಡಿ, ಸೆಮಿಸ್ಟರ್‌ನ ಮೊದಲ ದಿನ ಕ್ಯಾಲ್ಕುಲೇಟರ್ ಇಲ್ಲದೆ ಹತ್ತು ಸಣ್ಣ ಲೆಕ್ಕ ಕೊಡಿ. ಅಂಕ ಹಾಕಬೇಡಿ. ಯಾರು ಎಲ್ಲಿ ಎಡವಿದರು ಅಂತ ನೋಡಿ, ಮೊದಲ ವಾರ ಅದನ್ನೇ ಮಾಡಿಸಿ.

ಆ ಹುಡುಗ ಪಾಸಾದನಾ ಅಂತ ಕೇಳುತ್ತೀರಿ. ಆದ. ಉತ್ತರ ಪತ್ರಿಕೆಯಲ್ಲಿ ಬೇಡದ ಕಡೆಯೂ ಬ್ರಾಕೆಟ್ ಹಾಕಿದ್ದ.