ಒಂದೇ ಅಪ್ಪ ಅಮ್ಮ, ಮಕ್ಕಳು ಮಾತ್ರ ಬೇರೆ ಬೇರೆ

ಕೇಳುಗರಿಗೆಲ್ಲ ನಮಸ್ಕಾರ. ಒಂದೇ ಅಪ್ಪ ಅಮ್ಮನಿಗೆ ಹುಟ್ಟಿದ ಮಕ್ಕಳಲ್ಲಿ ಒಬ್ಬರದು ಗುಂಗುರು ಕೂದಲು ಇನ್ನೊಬ್ಬರದು ನೇರ ಕೂದಲು, ಒಬ್ಬರ ರಕ್ತ ಎ ಗ್ರೂಪು ಇನ್ನೊಬ್ಬರದು ಓ, ಯಾಕೆ ಹೀಗೆ? ವೀರ್ಯಾಣು ಅಂಡಾಣು ಸೇರಿದಾಗ ಬೆರಕೆ ಆಗುತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ಅವೆರಡೂ ಸೇರೋಕೆ ಮುಂಚೆನೇ ಒಂದು ದೊಡ್ಡ ಬೆರಕೆ ಮುಗಿದಿರುತ್ತೆ, ಇವತ್ತು ಅದರ ಬಗ್ಗೆನೇ ಹೇಳ್ತೀನಿ.

ನಮ್ಮ ಹೆಚ್ಚುಕಮ್ಮಿ ಎಲ್ಲಾ ಜೀವಕೋಶದಲ್ಲೂ ನಮ್ಮ ಗುಣಗಳನ್ನ ಹೊತ್ತಿರೋ ಎಳೆಯಂಥ 46 ಕ್ರೋಮೋಸೋಮ್, ಅಂದ್ರೆ 23 ಜೊತೆ, ಜೊತೆಗೊಂದು ಅಪ್ಪನಿಂದ ಬಂದಿದ್ದು ಒಂದು ಅಮ್ಮನಿಂದ ಬಂದಿದ್ದು. ಅಂಡಾಣು, ವೀರ್ಯಾಣು ತಯಾರಾಗುವಾಗ ಪ್ರತಿ ಜೊತೆಯಿಂದ ಒಂದೇ ಹೋಗ್ಬೇಕು, ಇಲ್ದಿದ್ರೆ ತಲೆಮಾರಿಗೊಂದು ಸಲ ಲೆಕ್ಕ ಡಬಲ್ ಆಗ್ತಾ ಹೋಗುತ್ತಲ್ಲ. ಇದೇ ಮಿಯೋಸಿಸ್. ಯಾವುದು ಹೋಗುತ್ತೆ ಅನ್ನೋದು ಪೂರ್ತಿ ಆಕಸ್ಮಿಕ, ಹಾಗಾಗಿ ಒಬ್ಬ ಮನುಷ್ಯನಿಂದಲೇ 83 ಲಕ್ಷಕ್ಕೂ ಜಾಸ್ತಿ ಥರದ ಜೋಡಣೆ ಸಾಧ್ಯ, ಗಂಡ ಹೆಂಡತಿ ಇಬ್ಬರದೂ ಸೇರಿಸಿದ್ರೆ ಸುಮಾರು 70 ಲಕ್ಷ ಕೋಟಿ.

ಇಷ್ಟಕ್ಕೇ ನಿಲ್ಲಲ್ಲ. ಬೇರೆಯಾಗೋಕೆ ಮುಂಚೆ ಜೊತೆಯ ಎರಡೂ ಕ್ರೋಮೋಸೋಮ್ ಉದ್ದಕ್ಕೂ ಮೈಗೆ ಮೈ ಅಂಟಿಸ್ಕೊಂಡು ನಿಂತು, ಅಲ್ಲಲ್ಲಿ ತುಂಡಾಗಿ, ತುಂಡುಗಳನ್ನ ಅದಲುಬದಲು ಮಾಡ್ಕೋತಾವೆ, ಇದಕ್ಕೆ ಕ್ರಾಸಿಂಗ್ ಓವರ್ ಅಂತಾರೆ. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತೆ ಬಾರ್ಬರಾ ಮೆಕ್ಲಿಂಟಾಕ್ ಅನ್ನೋ ಇಬ್ಬರು ವಿಜ್ಞಾನಿಗಳು ಮೆಕ್ಕೆಜೋಳದಲ್ಲಿ ಇದನ್ನ ಸಾಬೀತು ಮಾಡಿದ್ರು. ಅವರು ಆರಿಸ್ಕೊಂಡ ಕ್ರೋಮೋಸೋಮಿನ ಒಂದು ತುದೀಲಿ ಗಂಟಿತ್ತು, ಇನ್ನೊಂದು ತುದಿಗೆ ಬೇರೆ ಕ್ರೋಮೋಸೋಮಿನ ತುಂಡು ಸೇರ್ಕೊಂಡಿತ್ತು, ಕಾಳಿನ ಗುಣ ಅದಲುಬದಲಾದ ಗಿಡದಲ್ಲಿ ಈ ಗುರುತುಗಳೂ ಅದಲುಬದಲಾಗಿದ್ದು ಮೈಕ್ರೋಸ್ಕೋಪಲ್ಲಿ ಕಣ್ಣಿಗೇ ಕಾಣಿಸ್ತು.

ನನಗೆ ಎಷ್ಟು ಸಲ ನೆನೆದ್ರೂ ಮೈ ಜುಮ್ ಅನ್ನೋ ವಿಷಯ ಇನ್ನೊಂದಿದೆ. ಗಂಡಸರಲ್ಲಿ ಇದೆಲ್ಲ ಪ್ರಾಯಕ್ಕೆ ಬಂದ ಮೇಲೆ ಶುರುವಾಗುತ್ತೆ, ಆದ್ರೆ ಹೆಣ್ಣುಮಗು ಇನ್ನೂ ಗರ್ಭದಲ್ಲಿರುವಾಗಲೇ ಅದರ ಅಂಡಾಶಯದಲ್ಲಿ ಮಿಯೋಸಿಸ್ ಶುರುವಾಗಿ, ಈ ಅದಲುಬದಲು ಮುಗಿದು, ಅಲ್ಲಿಗೇ ವರ್ಷಗಟ್ಟಲೆ ನಿಂತುಬಿಡುತ್ತೆ. ಅಂದ್ರೆ ನೀವು ಯಾವ ಅಂಡಾಣುವಿಂದ ಹುಟ್ಟಿದ್ರೋ ಅದರೊಳಗೆ ತಾಯಿ ಕಡೆ ಅಜ್ಜ ಅಜ್ಜಿಯ ಕ್ರೋಮೋಸೋಮ್ ತುಂಡುಗಳು ಬೆರೆತಿದ್ದು ನಿಮ್ಮಮ್ಮ ಇನ್ನೂ ಅಜ್ಜಿ ಹೊಟ್ಟೇಲಿದ್ದಾಗ!

ಇಷ್ಟೆಲ್ಲ ಖಟಪಟಿ ಯಾಕೆ ಅಂತ ಕೇಳಿದ್ರೆ ಗಿಡಹೇನು ನೋಡಿ. ಬೇಸಿಗೇಲಿ ಚಿಗುರು ತುಂಬಾ ಇದ್ದಾಗ ಎಷ್ಟೋ ಜಾತಿಯ ಹೆಣ್ಣು ಹೇನುಗಳು ಗಂಡಿನ ಸಹವಾಸವೇ ಇಲ್ದೆ ತಮ್ಮದೇ ನಕಲು ಮರಿ ಹಾಕ್ತಾ ಹೋಗ್ತವೆ, ಸಂಖ್ಯೆ ಬೇಗ ಬೆಳೆಯುತ್ತೆ. ಆದ್ರೆ ಎಲ್ಲವೂ ಒಂದೇ ಅಚ್ಚು ಆದ್ರೆ ಒಂದನ್ನ ಕೊಲ್ಲೋ ರೋಗ ಎಲ್ಲವನ್ನೂ ಕೊಲ್ಲಬಹುದು. ಹಗಲು ಕಮ್ಮಿಯಾಗಿ ಚಳಿ ಹತ್ರ ಬರ್ತಿದ್ದ ಹಾಗೇ ಅದೇ ಹೇನುಗಳು ಗಂಡು ಹೆಣ್ಣು ಎರಡೂ ಹುಟ್ಟಿಸಿ, ಅವು ಕೂಡಿ ಮೊಟ್ಟೆ ಇಡ್ತವೆ, ಚಳಿಗಾಲ ದಾಟೋದು ಆ ಬೆರಕೆ ಮೊಟ್ಟೆಗಳೇ.