ಹಳೇ ರೇಡಿಯೋ, ಹೊಸ ಹೊಟ್ಟೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ದೋಸೆ ಬಿಟ್ಟು ಹಳೇ ಕಾರಿನ ರೇಡಿಯೋ ಬಗ್ಗೆ ಮಾತು ಕೇಳಲು ಬಂದಿದ್ದೀರಿ, ಮೊದಲು ಅದಕ್ಕೆ ಥ್ಯಾಂಕ್ಸ್. ಹೊರಗೆ ನಿಂತ ಗಾಡಿಗಳನ್ನು ನೋಡಿಕೊಂಡೇ ಬಂದೆ. ಎರಡು ಅಂಬಾಸಿಡರ್, ಒಂದು ಮಾರಿಸ್ ಮೈನರ್, ಒಂದು ಬೀಟಲ್. ಮಿಕ್ಕವರೆಲ್ಲ ನನ್ನ ಹಾಗೆ ಫಿಯಟ್‌ನವರು. ಆರ್‌ಸಿ ಪುಸ್ತಕದಲ್ಲಿ ಪ್ರೀಮಿಯರ್ ಪದ್ಮಿನಿ ಅಂತಿದ್ದರೂ ನಮ್ಮ ಬಾಯಲ್ಲಿ ಅದು ಫಿಯಟ್ಟೇ, ಅಲ್ವಾ?

ನನ್ನದು 1976ರ ಗಾಡಿ, ಮಾವನವರಿಂದ ಬಂದದ್ದು. ಡ್ಯಾಶ್‌ಬೋರ್ಡಿನಲ್ಲಿ ಐದು ಗುಂಡಿಯ ರೇಡಿಯೋ, ಮೀಡಿಯಂ ವೇವ್ ಮಾತ್ರ. ಮಾವ ಬೆಂಗಳೂರು ಆಕಾಶವಾಣಿಯ 612 ಬಿಟ್ಟು ಬೇರೆ ಕಡೆ ಮುಳ್ಳು ನಿಲ್ಲಿಸಿದವರೇ ಅಲ್ಲ. ಆಗ ರೇಡಿಯೋಗೂ ಪೋಸ್ಟ್ ಆಫೀಸಿನ ಲೈಸೆನ್ಸ್ ಬೇಕಿತ್ತು. ಆ ಪುಸ್ತಕ ಇನ್ನೂ ಗಾಡಿಯಲ್ಲೇ ಇದೆ. ಕೆಲವು ವರ್ಷದ ಹಿಂದೆ ರೇಡಿಯೋ ಪೂರ್ತಿ ಮೌನವಾಯಿತು. ಜೆ.ಸಿ. ರೋಡಿನಲ್ಲಿ ವಿಚಾರಿಸಿದರೆ, ‘ಇದನ್ನ ಕಿತ್ತು ಟಚ್ ಸ್ಕ್ರೀನ್ ಹಾಕೋಣ ಸಾರ್’ ಅಂದರು. ಅದಕ್ಕೆ ಡ್ಯಾಶ್ ಕೊಯ್ಯಬೇಕು. ಮನಸ್ಸು ಬರಲಿಲ್ಲ.

ಕೊನೆಗೆ ಮಾಡಿದ್ದು ಇಷ್ಟು. ಡಬ್ಬಿ, ನಾಬ್, ಗುಂಡಿ, ಡಯಲ್ ಗಾಜು ಎಲ್ಲ ಹಳೆಯದೇ. ಒಳಗಿನ ಸರ್ಕ್ಯೂಟ್ ತೆಗೆದು ಹೊಸ ಬೋರ್ಡ್ ಕೂರಿಸಿದೆವು. ಅದರಲ್ಲಿ ಎಫ್‌ಎಂ ಇದೆ, ಎಎಂ ಅಂದರೆ ಹಳೇ ಮೀಡಿಯಂ ವೇವ್ ಇದೆ, ಬ್ಲೂಟೂತ್ ಇದೆ, ನಾಲ್ಕು ಸ್ಪೀಕರಿಗೆ ಸಾಕಾಗುವ ಆಂಪ್ಲಿಫೈಯರ್ ಇದೆ. ತೆಗೆದ ಹಳೇ ಭಾಗಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮೇಲೆ ಚೀಟಿ ಅಂಟಿಸಿದ್ದೇನೆ. ನೀವೂ ದಯವಿಟ್ಟು ಎಸೆಯಬೇಡಿ.

ಇದರ ಜಾಣತನ ಇರುವುದು ಟ್ಯೂನಿಂಗಿನಲ್ಲಿ. ಹಳೇ ಕಾರ್ ರೇಡಿಯೋದಲ್ಲಿ ನಾಬ್ ತಿರುಗಿಸಿದರೆ ಕಾಯಿಲ್‌ಗಳ ಒಳಗೆ ಸಣ್ಣ ಕಡ್ಡಿಗಳು ಸರಿಯುತ್ತವೆ. ಗುಂಡಿ ಒತ್ತಿದಾಗಲೂ ಅಷ್ಟೇ, ಒಂದು ಸನ್ನೆಕೋಲು ಆ ಕಡ್ಡಿಗಳನ್ನು ಗೊತ್ತಾದ ಜಾಗಕ್ಕೆ ತಳ್ಳುತ್ತದೆ. ಹೊಸ ಬೋರ್ಡ್ ಆ ಕಡ್ಡಿ ಎಲ್ಲಿದೆ ಅಂತ ಅಳೆದು ಅದಕ್ಕೆ ತಕ್ಕ ಸ್ಟೇಷನ್ ಹಿಡಿಯುತ್ತದೆ. ಹಾಗಾಗಿ ಸ್ಟೇಷನ್ ಉಳಿಸುವ ಕ್ರಮವೂ ಮಾವನ ಕಾಲದ್ದೇ: ಗುಂಡಿಯನ್ನು ಹೊರಗೆ ಎಳೆಯಿರಿ, ಸ್ಟೇಷನ್ ಹಿಡಿಯಿರಿ, ಪೂರ್ತಿ ಒಳಗೆ ಒತ್ತಿ. ಬ್ಯಾಟರಿ ಬಿಚ್ಚಿಟ್ಟರೂ ಮರೆಯುವುದಿಲ್ಲ. ನೆನಪು ಇರುವುದು ಕಬ್ಬಿಣದಲ್ಲಿ ನೋಡಿ!

ತೊಡಕು ಡಯಲ್ಲಿನಲ್ಲಿದೆ. ಗಾಜಿನ ಮೇಲೆ 55ರಿಂದ 160 ಅಂತ ಅಚ್ಚಾಗಿದೆ, ಅದು ಕೊನೆಯ ಸೊನ್ನೆ ಬಿಟ್ಟು ಬರೆದ ಎಎಂ ಲೆಕ್ಕ, ಅಂದರೆ 550ರಿಂದ 1600. ಎಫ್‌ಎಂಗೆ ಹೋದರೆ ಎಡತುದಿ 88, ಬಲತುದಿ 108 ಅಂತ ನೀವೇ ಅಂದುಕೊಳ್ಳಬೇಕು. ವಿವಿಧ ಭಾರತಿಯ 102.9 ಮುಕ್ಕಾಲು ದಾರಿಯಲ್ಲಿ ಸಿಗುತ್ತದೆ. 91.1 ಎಡತುದಿಗೆ ಹತ್ತಿರ. ನಾಲ್ಕು ದಿನಕ್ಕೆ ಕೈಗೆ ಅಭ್ಯಾಸವಾಗುತ್ತದೆ.

ಬ್ಯಾಂಡ್ ಬದಲಿಸಲು ಬೇರೆ ಸ್ವಿಚ್ಚಿಲ್ಲ. ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಎಎಂನಿಂದ ಎಫ್‌ಎಂಗೆ, ಅಲ್ಲಿಂದ ಬ್ಲೂಟೂತ್‌ಗೆ ಹೋಗುತ್ತದೆ. ಡಯಲ್ ದೀಪದ ಬಣ್ಣ ನೋಡಿ ಯಾವುದರಲ್ಲಿದ್ದೇವೆ ಅಂತ ತಿಳಿಯಬೇಕು. ಒಮ್ಮೆ ಫೋನ್ ಬಂತು ಅಂತ ನನ್ನ ಹೆಂಡತಿ ರೇಡಿಯೋ ಆರಿಸಿ, ರಾಂಗ್ ನಂಬರ್ ಅಂತ ಮತ್ತೆ ಹಾಕಿದಳು. ಸದ್ದಿಲ್ಲ. ‘ನಿಮ್ಮ ಡಬ್ಬ ಮತ್ತೆ ಕೆಟ್ಟಿತು’ ಅಂದಳು. ಕೆಟ್ಟಿರಲಿಲ್ಲ, ಬ್ಲೂಟೂತ್‌ಗೆ ಹೋಗಿ ಫೋನಿಗಾಗಿ ಕಾಯುತ್ತಿತ್ತು. ರಿಪೇರಿಗೆ ಕೈ ಹಾಕುವ ಮೊದಲು ದೀಪದ ಬಣ್ಣ ನೋಡಿ.

ಈಗ ತೊಂದರೆಗಳಿಗೆ ಬರೋಣ. ನನ್ನ ಅನುಭವದಲ್ಲಿ ಹೊಸ ಬೋರ್ಡ್ ಕೈಕೊಡುವುದು ಅಪರೂಪ. ಅದರ ಸುತ್ತ ಇರುವ ಐವತ್ತು ವರ್ಷದ ತಂತಿಯೇ ಜಾಸ್ತಿ ಸತಾಯಿಸುವುದು.

ನನಗೆ ಮೊದಲ ದಿನವೇ ಪಾಠವಾಯಿತು. ದೀಪ ಉರಿಯುತ್ತದೆ, ಸದ್ದು ಮಾತ್ರ ಇಲ್ಲ. ಫಿಟ್ ಮಾಡಿದ ಗ್ಯಾರೇಜಿನವರು, ‘ಬೋರ್ಡ್ ಸುಟ್ಟಿದೆ, ಬೇರೆ ತರಿಸಿ’ ಅಂದರು. ಮನೆಗೆ ಬಂದು ಮಲ್ಟಿಮೀಟರ್ ಹಿಡಿದು ಕೂತೆ. ಹಳೇ ರೇಡಿಯೋ ಸ್ಪೀಕರಿಗೆ ಒಂದೇ ತಂತಿಯಲ್ಲಿ ಸದ್ದು ಕಳಿಸುತ್ತಿತ್ತು. ಇನ್ನೊಂದು ತುದಿಯನ್ನು ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿಸಿರುತ್ತಿದ್ದರು; ಅದನ್ನೇ ಅರ್ಥ್ ಅನ್ನುವುದು. ಹೊಸ ಆಂಪ್ಲಿಫೈಯರ್ ಎರಡು ತಂತಿಯಲ್ಲೂ ಸದ್ದು ಕಳಿಸುತ್ತದೆ. ನನ್ನ ಬೋರ್ಡಿನಲ್ಲಿ ಎರಡೂ ತಂತಿ ಸುಮ್ನೆ ಇರುವಾಗಲೂ ಸುಮಾರು 6 ವೋಲ್ಟ್‌ನಲ್ಲಿ ನಿಂತಿರುತ್ತವೆ. ಅದರಲ್ಲಿ ಒಂದನ್ನು ಬಾಡಿಗೆ ಮುಟ್ಟಿಸಿದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚುತ್ತದೆ. ಅದೃಷ್ಟ ಕೆಟ್ಟರೆ ಸುಟ್ಟೂ ಹೋಗುತ್ತದೆ. ಸ್ಪೀಕರಿಗೆ ಹೊಸದಾಗಿ ಎರಡು ತಂತಿ ಎಳೆದೆ, ಹಾಡು ಬಂತು. ರೇಡಿಯೋ ಕನೆಕ್ಷನ್ ಬಿಚ್ಚಿ ಸ್ಪೀಕರಿನ ತುದಿಗೂ ಬಾಡಿಗೂ ಮೀಟರ್ ಹಿಡಿಯಿರಿ. ಪೀ ಅಂದರೆ ಅರ್ಥ್ ಆಗಿದೆ ಅಂತ ಅರ್ಥ.

ಹಾಡು ಬಂತು ಅಂದೆನಲ್ಲ, ಜೊತೆಗೆ ಸಂಗೀತ ಅಲ್ಲದ್ದೂ ಬಂತು. ಎಂಜಿನ್ ಹಾಕಿದರೆ ಟಕಟಕ, ಎಕ್ಸಲರೇಟರ್ ಒತ್ತಿದರೆ ಕುಂಯ್ ಅಂತ ಏರುವ ರಾಗ. ಇಲ್ಲಿ ಅವಸರ ಬೇಡ, ಮೊದಲು ಸದ್ದು ಯಾವ ಬಾಗಿಲಿಂದ ಬರುತ್ತಿದೆ ನೋಡಿ. ಏರಿಯಲ್ ಪ್ಲಗ್ ಕೀಳಿ. ಸದ್ದು ನಿಂತರೆ ಅದು ಏರಿಯಲ್ಲಿನಿಂದ ಬರುತ್ತಿದೆ. ನಿಲ್ಲದಿದ್ದರೆ ಕರೆಂಟ್ ತಂತಿಯಲ್ಲಿ ಬರುತ್ತಿದೆ.

ಏರಿಯಲ್ಲಿನಿಂದ ಅಂತಾದರೆ, ಅದು ಫೆಂಡರಿನ ಮೇಲೆ ಕೂರುವ ಜಾಗ ನೋಡಿ. ಎಷ್ಟೋ ಗಾಡಿಗೆ ಮೂರು ಸಲ ಪೇಂಟ್ ಆಗಿರುತ್ತದೆ, ಬುಡಕ್ಕೆ ಅರ್ಥೇ ಸಿಕ್ಕಿರುವುದಿಲ್ಲ. ಕೆಳಗಿನಿಂದ ಉಪ್ಪುಕಾಗದ ಹಾಕಿ ತಿಕ್ಕಿ, ಲೋಹ ಹೊಳೆಯಬೇಕು. ನನ್ನ ಟಕಟಕ ಅರ್ಧ ಅಲ್ಲೇ ಹೋಯಿತು. ಇನ್ನರ್ಧ ಸ್ಪಾರ್ಕ್ ಪ್ಲಗ್ಗಿಗೆ ರೆಸಿಸ್ಟರ್ ಇರುವ ಕ್ಯಾಪ್ ಹಾಕಿದ ಮೇಲೆ ನಿಂತಿತು. ಏರಿಯಲ್ ಉದ್ದದ ವಿಷಯವೂ ಇದೆ. ಎಎಂಗೆ ಪೂರ್ತಿ ಎಳೆಯಿರಿ. ಎಫ್‌ಎಂಗೆ 75 ಸೆಂಟಿಮೀಟರ್ ಸಾಕು, ಅದು ಆ ಅಲೆಯ ಕಾಲು ಭಾಗ.

ಕುಂಯ್ ರಾಗ ನನ್ನ ಗಾಡಿಯಲ್ಲಿ ಕರೆಂಟ್ ತಂತಿಯಿಂದ ಬರುತ್ತಿತ್ತು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಮುಖ್ಯ ಟರ್ಮಿನಲ್ಲಿಗೆ, ಇಂಥ ಗಲಾಟೆ ಹೀರಿಕೊಳ್ಳುವ ಒಂದು ಕಂಡೆನ್ಸರ್ ಹಾಕಿದೆ. ಪಕ್ಕದಲ್ಲೇ ಫೀಲ್ಡ್ ಟರ್ಮಿನಲ್ ಇರುತ್ತದೆ, ತಪ್ಪಿಯೂ ಅದಕ್ಕೆ ಹಾಕಬೇಡಿ, ರೆಗ್ಯುಲೇಟರಿನ ಪಾಯಿಂಟ್ ಹಾಳಾಗುತ್ತದೆ. ಇಗ್ನಿಷನ್ ಕಾಯಿಲ್ಲಿಗೂ ಹಾಗೇ, ಕಂಡೆನ್ಸರ್ ಹೋಗಬೇಕಾದ್ದು ಕೀ ಕಡೆಯಿಂದ ಕರೆಂಟ್ ಬರುವ ತುದಿಗೆ, ಡಿಸ್ಟ್ರಿಬ್ಯೂಟರ್ ಕಡೆಗಲ್ಲ.

ಇಷ್ಟೆಲ್ಲ ಆದ ಮೇಲೂ 612 ಗೊರಗೊರ ಅನ್ನುತ್ತಿತ್ತು. ಎರಡು ವಾರ ತಲೆ ಕೆಡಿಸಿಕೊಂಡೆ. ಕಾರಣ ಏನು ಗೊತ್ತಾ? ಸಿಗರೇಟ್ ಲೈಟರ್ ತೂತಿಗೆ ಚುಚ್ಚಿದ್ದ ಅಗ್ಗದ ಫೋನ್ ಚಾರ್ಜರ್! ಅದರೊಳಗಿನ ಸ್ವಿಚಿಂಗ್ ಸರ್ಕ್ಯೂಟ್ ತಾನೇ ಒಂದು ಪುಟ್ಟ ಟ್ರಾನ್ಸ್‌ಮಿಟರ್. ಕೆಲವು ಎಲ್‌ಇಡಿ ಹೆಡ್‌ಲೈಟ್‌ಗಳದೂ ಇದೇ ಕಥೆ.

ಮಾರಿಸ್ ಮೈನರ್ ತಂದವರು ಈಗ ಸ್ವಲ್ಪ ಗಮನ ಕೊಡಿ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಬಾಡಿಗೆ ಹೋಗುವುದು ಬ್ಯಾಟರಿಯ ಪಾಸಿಟಿವ್. ಹೊಸ ಬೋರ್ಡಿನ ಮೈ ನೆಗೆಟಿವ್. ಡಬ್ಬಿಯನ್ನು ಹಾಗೇ ಡ್ಯಾಶಿಗೆ ಬಿಗಿದರೆ ನೇರ ಶಾರ್ಟ್. ಡಬ್ಬಿಯನ್ನು ಮಾತ್ರ ಬಾಡಿಯಿಂದ ಬೇರ್ಪಡಿಸಿದರೂ ಏರಿಯಲ್ ಕೇಬಲ್ಲಿನ ಹೊರಜಾಲರಿ ಬಾಡಿಗೆ ಮುಟ್ಟುತ್ತದೆ, ಅಲ್ಲೂ ಅದೇ ಗತಿ. ಒಂದೋ ಒಳಬರುವ ಕರೆಂಟಿಗೂ ಹೊರಹೋಗುವ ಕರೆಂಟಿಗೂ ತಂತಿಯ ಸಂಬಂಧವೇ ಇಲ್ಲದ ಕನ್ವರ್ಟರ್ ಹಾಕಿ, ಇಲ್ಲ ಗಾಡಿಯನ್ನೇ ನೆಗೆಟಿವ್ ಅರ್ಥ್ ಮಾಡಿಸಿ. ಹಾಗೆ ಮಾಡಿಸುವಾಗ ಡೈನಮೋಗೆ ಹೊಸ ದಿಕ್ಕು ಹೇಳಿಕೊಡಬೇಕು, ಆಮೀಟರ್ ತಂತಿ ಅದಲುಬದಲು ಮಾಡಬೇಕು. ಬಲ್ಲವರ ಕೈಲಿ ಮಾಡಿಸಿ. ಬೀಟಲ್‌ನವರು ಮೀಟರ್ ಹಿಡಿದು ನೋಡಿ, ಅರವತ್ತರ ದಶಕದ್ದಾದರೆ 6 ವೋಲ್ಟ್ ಇದ್ದೀತು, ನನ್ನಂಥ 12 ವೋಲ್ಟ್ ಬೋರ್ಡ್ ಅದಕ್ಕೆ ಆಗುವುದಿಲ್ಲ.

ಬ್ಯಾಟರಿ ಕೂತುಹೋಗುವ ದೂರು ಎಲ್ಲರದೂ ಇದೆ. ಬೋರ್ಡ್ ಆಫ್ ಇದ್ದಾಗಲೂ ಬ್ಲೂಟೂತ್ ಎಚ್ಚರವಾಗಿದ್ದರೆ 20 ಮಿಲಿಆಂಪಿಯರ್ ಎಳೆಯಿತು ಅನ್ನಿ. ಏನೂ ಅಲ್ಲ ಅನಿಸುತ್ತದೆ. ತಿಂಗಳಿಗೆ ಲೆಕ್ಕ ಹಾಕಿದರೆ 14 ಆಂಪಿಯರ್ ಅವರ್ ಆಯಿತು, 40ರ ಬ್ಯಾಟರಿಯ ಮೂರನೇ ಒಂದು ಭಾಗ. ನಾವೋ ಗಾಡಿ ತೆಗೆಯುವುದು ಆಯುಧಪೂಜೆಗೆ, ಯುಗಾದಿಗೆ! ಕೀ ತೆಗೆದರೆ ರೇಡಿಯೋಗೂ ಕರೆಂಟ್ ನಿಲ್ಲುವ ಹಾಗೆ ಲೈನ್ ಕೊಡಿ, ನಡುವೆ 5 ಆಂಪಿಯರ್ ಅಥವಾ ಬೋರ್ಡಿನವರು ಹೇಳಿದಷ್ಟರ ಫ್ಯೂಸ್ ಇರಲಿ. ಸೆಲ್ಫ್ ಹೊಡೆಯುವಾಗ ರೇಡಿಯೋ ಆರಿಸಿಡಿ. ಆ ಹೊತ್ತಿಗೆ ವೋಲ್ಟೇಜ್ ಕುಸಿದು ಬೋರ್ಡ್ ಗೊಂದಲಕ್ಕೆ ಬೀಳುತ್ತದೆ.

ನನ್ನ ಗಾಡಿಯಲ್ಲಿ ಒಂದು ತೊಂದರೆ ಮಾತ್ರ ಇನ್ನೂ ಬಗೆಹರಿದಿಲ್ಲ. ವೈಪರ್ ಹಾಕಿದರೆ ಎಎಂನಲ್ಲಿ ಗರ್ ಅನ್ನುತ್ತದೆ. ಮೋಟರಿನ ಬ್ರಷ್ ಅಂತ ನನ್ನ ಅನುಮಾನ, ಕಂಡೆನ್ಸರ್ ಜೇಬಿನಲ್ಲೇ ಇದೆ. ಗಾಡಿ ಗೇಟ್ ಪಕ್ಕ ನಿಂತಿದೆ, ಬಾನೆಟ್ ತೆಗೆದಿದ್ದೇನೆ. ಕಾಫಿ ಬರುವಷ್ಟರಲ್ಲಿ ನೋಡೋಣ ಬನ್ನಿ. ಯಾರಾದರೂ ಒಂದು ಸ್ಪ್ಯಾನರ್ ತನ್ನಿ, ನನ್ನದು ಮನೆಯಲ್ಲೇ ಉಳಿಯಿತು.