ತೆರೆಯದ ಡಿಸ್ಕು, ಉಳಿದ ಕಡತ

ಕೇಳುಗರಿಗೆ ನಮಸ್ಕಾರ.

ಕಳೆದ ವರ್ಷ ಮೇ ತಿಂಗಳ ಒಂದು ಸಂಜೆ, ಬೆಂಗಳೂರಿನಲ್ಲಿ ಆ ಕಾಲಕ್ಕೆ ಬರುವ ಗುಡುಗು ಮಳೆ ಬಂದು, ಚಾಮರಾಜಪೇಟೆಯ ಕೆಲವು ರಸ್ತೆಗಳಲ್ಲಿ ಕರೆಂಟು ಎರಡು ಮೂರು ಬಾರಿ ಹೋಗಿ ಬಂದಿತು. ಅಲ್ಲಿ ನನ್ನ ಭಾವನವರದೊಂದು ಪುಟ್ಟ ಡಿಟಿಪಿ ಅಂಗಡಿ ಇದೆ. ಮದುವೆಯ ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಸ್ವಂತ ಖರ್ಚಿನಲ್ಲಿ ಕವನ ಸಂಕಲನ ತರುವವರ ಪುಟವಿನ್ಯಾಸ, ಇವೆಲ್ಲ ಸೇರಿ ಹದಿನೈದು ವರ್ಷಗಳ ದುಡಿಮೆ ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿತ್ತು. ಅಂಗಡಿಯ ಹಳೆಯ ಕಂಪ್ಯೂಟರಿಗೆ ಅಕ್ಕನ ಮಗ ಲೈನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಆ ಡಿಸ್ಕನ್ನೂ ಲೈನಕ್ಸಿನ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮಿಗೆ, ಅಂದರೆ ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಪದ್ಧತಿಗೆ, ಬದಲಾಯಿಸಿದ್ದ. ಕರೆಂಟು ಹೋದಾಗ ಅದರೊಳಕ್ಕೆ ಏನೋ ನಕಲಾಗುತ್ತಿತ್ತು.

ಮರುದಿನ ಬೆಳಿಗ್ಗೆ ಡಿಸ್ಕು ಮೌಂಟ್ ಆಗಲಿಲ್ಲ, ಅಂದರೆ ತೆರೆದುಕೊಳ್ಳಲಿಲ್ಲ. ಪರದೆಯ ಮೇಲೆ ಬಂದದ್ದು ಲೈನಕ್ಸ್ ಬಳಸುವ ಬಹುತೇಕರು ಒಮ್ಮೆಯಾದರೂ ಕಂಡಿರುವ ಸಾಲು: ಫೈಲ್ ಸಿಸ್ಟಮಿನ ಬಗೆ ತಪ್ಪಿರಬಹುದು, ಕೊಟ್ಟ ಆಯ್ಕೆ ತಪ್ಪಿರಬಹುದು, ಸೂಪರ್‌ಬ್ಲಾಕ್ ಕೆಟ್ಟಿರಬಹುದು, ಇಲ್ಲವೇ ಬೇರೇನೋ ದೋಷವಿರಬಹುದು. ಜ್ವರ ಬಂದವನಿಗೆ ನೆಗಡಿಯೂ ಇರಬಹುದು, ಟೈಫಾಯಿಡೂ ಇರಬಹುದು ಎಂದು ಹೇಳಿ ಕಳಿಸುವ ವೈದ್ಯರ ಮಾತಿನಂತಿದೆ ಇದು. ಹುಡುಗ ನನಗೆ ಫೋನ್ ಮಾಡಿ, "ಮಾಮ, ಎಫ್‌ಎಸ್‌ಸಿಕೆ ಓಡಿಸಿಬಿಡಲಾ?" ಎಂದು ಕೇಳಿದ. ಅದು ಫೈಲ್ ಸಿಸ್ಟಮನ್ನು ಪರೀಕ್ಷಿಸಿ ದುರಸ್ತಿ ಮಾಡುವ ಆಜ್ಞೆ. ದುರಸ್ತಿಯ ನಡುವೆ ಅದು ಕೇಳುವ ಎಲ್ಲ ಪ್ರಶ್ನೆಗಳಿಗೂ ಹೌದು ಎಂದು ಮೊದಲೇ ಒಪ್ಪಿಗೆ ಕೊಟ್ಟು ಓಡಿಸುವ ಯೋಚನೆಯಲ್ಲಿದ್ದ. ಡಿಸ್ಕಿನ ವಯರನ್ನು ಕಿತ್ತು ಮೇಜಿನ ಮೇಲಿಟ್ಟು ಅದನ್ನು ಮುಟ್ಟದೆ ಇರು, ನಾನೇ ಬರುತ್ತೇನೆ ಎಂದೆ. ಹಾಗೆ ಏಕೆ ಹೇಳಿದೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಮೌಂಟ್ ಎಂಬ ಪದವನ್ನು ಕನ್ನಡದಲ್ಲಿ ಆರೋಹಿಸು ಎಂದು ಅನುವಾದಿಸಿದವರಿದ್ದಾರೆ. ಕುದುರೆ ಏರಿದಂತೆ ಕೇಳಿಸುವ ಆ ಪದ ನನಗೆ ಅಷ್ಟಾಗಿ ರುಚಿಸುವುದಿಲ್ಲವಾದರೂ, ಹಳೆಯ ಕಾಲದ ಗಣಕ ಕೊಠಡಿಗಳಲ್ಲಿ ಕೆಲಸಗಾರರು ಟೇಪಿನ ಸುರುಳಿಯನ್ನೋ ಡಿಸ್ಕಿನ ಭಾರವಾದ ಕಟ್ಟನ್ನೋ ನಿಜವಾಗಿಯೂ ಕೈಯಲ್ಲಿ ಎತ್ತಿ ಯಂತ್ರದ ಮೇಲೆ ಏರಿಸುತ್ತಿದ್ದರು ಎಂಬುದನ್ನು ನೆನೆದರೆ ಪದದ ಮೂಲ ಅರ್ಥವಾಗುತ್ತದೆ. ಇಂದು ಅದರ ಅರ್ಥ ಇಷ್ಟೇ: ಡಿಸ್ಕಿನಲ್ಲಿರುವ ಫೈಲ್ ಸಿಸ್ಟಮನ್ನು ಲೈನಕ್ಸ್ ಓದಿ, ಅರ್ಥ ಮಾಡಿಕೊಂಡು, ತನ್ನ ಕಡತಗಳ ಮರಕ್ಕೆ ಒಂದು ಕೊಂಬೆಯಾಗಿ ಸೇರಿಸಿಕೊಳ್ಳುವುದು. ಮೌಂಟ್ ಆಗಲಿಲ್ಲ ಎಂದರೆ ಈ ಓದುವಿಕೆ ಎಲ್ಲೋ ನಿಂತಿದೆ ಎಂದಷ್ಟೇ ತಿಳಿಯಬೇಕು. ಕಡತಗಳು ಹೋದವು ಎಂದು ತಿಳಿಯಬೇಕಾಗಿಲ್ಲ.

ಇಎಕ್ಸ್‌ಟಿ4ರಲ್ಲಿ ಒಂದು ಕಡತವೆಂದರೆ ಮೂರು ಕಡೆ ಹಂಚಿಹೋದ ಸಂಗತಿ. ಕಡತದ ಹೆಸರು ಒಂದು ಕಡೆ, ಅಂದರೆ ಅದಿರುವ ಫೋಲ್ಡರಿನ ಪಟ್ಟಿಯಲ್ಲಿ ಇರುತ್ತದೆ. ಆ ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆ ಐನೋಡ್ ಎಂಬ ದಾಖಲೆಯದು. ಕಡತದ ಗಾತ್ರ, ತಾರೀಕು, ಒಡೆಯ ಮತ್ತು ಅದರ ತುಣುಕುಗಳು ಡಿಸ್ಕಿನ ಯಾವ ಯಾವ ಜಾಗದಲ್ಲಿವೆ ಎಂಬ ವಿಳಾಸ ಆ ದಾಖಲೆಯಲ್ಲಿವೆ, ಆದರೆ ಹೆಸರು ಅಲ್ಲಿಲ್ಲ. ಕಡತದ ಒಳಗಿನ ಬರಹ ಇರುವುದು ಮೂರನೆಯ ಕಡೆ. ಗೋಡೆಯ ಮೇಲೆ ಹಳೆಯ ನಂಬರು, ಹೊಸ ನಂಬರು ಎಂದು ಎರಡನ್ನೂ ಬರೆದುಕೊಂಡಿರುವ ನಮ್ಮ ಬೆಂಗಳೂರಿನ ಮನೆಗಳನ್ನು ಹುಡುಕಿ ಅಲೆದವರಿಗೆ, ಹೆಸರು, ವಿಳಾಸ ಮತ್ತು ಮನೆ ಮೂರೂ ಬೇರೆ ಬೇರೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎಫ್‌ಎಸ್‌ಸಿಕೆ ಈ ಮೂರರ ಲೆಕ್ಕವನ್ನು ತಾಳೆ ನೋಡುತ್ತದೆ. ತಾಳೆಯಾಗದ್ದನ್ನು ಅದು ತಿದ್ದುತ್ತದೆ, ತಿದ್ದಲಾಗದ್ದನ್ನು ಹೊಡೆದುಹಾಕುತ್ತದೆ. ಐನೋಡ್ ಓದಲಾಗದಿದ್ದರೆ ಫೋಲ್ಡರಿನ ಪಟ್ಟಿಯಿಂದ ಆ ಹೆಸರನ್ನೇ ತೆಗೆಯುತ್ತದೆ. ಲೆಕ್ಕ ಸರಿಹೋಗುತ್ತದೆ, ಆದರೆ ಆ ಹೆಸರಿನಲ್ಲಿ ಒಂದು ಕಡತವಿತ್ತು ಎಂಬುದಕ್ಕಿದ್ದ ಕೊನೆಯ ಗುರುತೂ ಅಳಿಯುತ್ತದೆ. ಫೈಲ್ ಸಿಸ್ಟಮ್ ಮತ್ತೆ ಬಳಕೆಗೆ ಯೋಗ್ಯವಾಗಲಿ ಎಂಬುದು ಆ ಸಾಧನದ ಉದ್ದೇಶ, ಮತ್ತು ಆ ಕೆಲಸದಲ್ಲಿ ಅದು ಬಹಳ ಸಮರ್ಥ. ನಿಮ್ಮ ಕಡತ ಉಳಿಯಲಿ ಎಂಬ ಹಂಬಲ ನಿಮ್ಮದು. ಇವೆರಡನ್ನೂ ಒಂದೇ ಎಂದು ಭಾವಿಸಿ, ಸಾಯುತ್ತಿರುವ ಡಿಸ್ಕಿನ ಮೇಲೆ ನೇರವಾಗಿ ದುರಸ್ತಿಗೆ ಇಳಿದವರು ಡಿಸ್ಕಿನ ದೋಷಕ್ಕಿಂತ ಹೆಚ್ಚು ಕಡತಗಳನ್ನು ತಮ್ಮ ಕೈಯಾರೆ ಕಳೆದುಕೊಂಡಿರುವುದನ್ನು ನಾನು ಕಂಡಿದ್ದೇನೆ.

ಅಂಗಡಿಗೆ ಹೋದವನು ಮೊದಲು ವಯರನ್ನು ಬದಲಾಯಿಸಿದೆ. ಇದು ನಗುವ ವಿಷಯವಲ್ಲ. ಯುಎಸ್‌ಬಿ ಹಬ್ಬಿನಿಂದ ಸಾಕಷ್ಟು ವಿದ್ಯುತ್ತು ಸಿಗದೆ ತಿರುಗಲಾರದ ಡಿಸ್ಕುಗಳು, ಸವೆದ ಕೇಬಲ್ಲಿನಿಂದಾಗಿ ತಪ್ಪು ಓದುವ ಡಿಸ್ಕುಗಳು ಎಷ್ಟೋ ಇವೆ. ಅಂಥವಕ್ಕೆ ಹೊಸ ಕೇಬಲ್ಲು, ಕಂಪ್ಯೂಟರಿನ ಹಿಂಬದಿಯ ಪೋರ್ಟು, ಇವೇ ಔಷಧ. ನಮ್ಮದು ಅಷ್ಟಕ್ಕೆ ವಾಸಿಯಾಗಲಿಲ್ಲ. ಕಿವಿಗೊಟ್ಟು ಕೇಳಿದರೆ ಡಿಸ್ಕು ಸಮವಾಗಿ ತಿರುಗುತ್ತಿತ್ತು, ಅಪಸ್ವರವಿರಲಿಲ್ಲ. ಒಂದು ವೇಳೆ ಟಕ್ ಟಕ್ ಎಂಬ ಸದ್ದು ಮತ್ತೆ ಮತ್ತೆ ಬಂದಿದ್ದರೆ ನಾನು ಅಲ್ಲಿಗೇ ಕೈಬಿಟ್ಟು, ದೂಳಿಲ್ಲದ ಕೊಠಡಿಯಿರುವ ಪ್ರಯೋಗಾಲಯಕ್ಕೆ ಕಳಿಸಿ ಎನ್ನುತ್ತಿದ್ದೆ. ಓದುವ ತಲೆ ಡಿಸ್ಕಿನ ಬಿಲ್ಲೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ; ಆ ತಲೆಯೇ ಕೆಟ್ಟಿದ್ದರೆ ಪ್ರತಿ ಪ್ರಯತ್ನವೂ ಬಿಲ್ಲೆಯನ್ನು ಕೆರೆಯಬಲ್ಲದು. ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ತಣ್ಣಗಾದ ಡಿಸ್ಕು ಹೊರಬಂದೊಡನೆ ಅದರ ಮೇಲೆ ನೀರಿನ ಪಸೆ ಕೂರುತ್ತದೆ ಎಂಬುದನ್ನು, ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ನೋಡಿದವರು ಬಲ್ಲರು.

ಮುಂದೆ ಲೈನಕ್ಸಿನ ತಿರುಳಾದ ಕರ್ನೆಲ್ಲಿನ ದಿನಚರಿಯನ್ನು ಓದಿದೆವು. ಲೈನಕ್ಸ್ ತನ್ನ ಯಂತ್ರಾಂಶದೊಡನೆ ನಡೆಸಿದ ಮಾತುಕತೆಯನ್ನೆಲ್ಲ ಡಿಮೆಸೇಜ್ ಎಂಬ ಆಜ್ಞೆ ತೋರಿಸುತ್ತದೆ. ಮೌಂಟ್ ಆಜ್ಞೆಯ ಗೊಂದಲದ ಸಾಲಿಗಿಂತ ಇಲ್ಲಿ ಸಿಗುವ ಸುಳಿವು ಎಷ್ಟೋ ಖಚಿತ. ಡಿಸ್ಕಿನ ಆರಂಭದ ಭಾಗದಲ್ಲಿ ಕೆಲವು ಸೆಕ್ಟರುಗಳನ್ನು, ಅಂದರೆ ಡಿಸ್ಕಿನ ಅತಿ ಸಣ್ಣ ಖಾನೆಗಳನ್ನು, ಓದಲಾಗಲಿಲ್ಲ ಎಂಬ ದೂರುಗಳು ಅಲ್ಲಿ ಸಾಲುಗಟ್ಟಿದ್ದವು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಎಂಬ ಲೆಕ್ಕಪುಸ್ತಕದಲ್ಲಿ 197ನೆಯ ಸಂಖ್ಯೆಯ ಸಾಲನ್ನು ನೋಡಿದರೆ, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು 48 ಎಂದಿತ್ತು. ಅದೇ ಪುಸ್ತಕದ 199ನೆಯ ಸಾಲು ಏರಿದ್ದರೆ ಕೇಬಲ್ಲನ್ನು ಅನುಮಾನಿಸಬೇಕು, ಅದು ಸೊನ್ನೆಯಲ್ಲಿತ್ತು. ಹಾಗಾಗಿ ದೋಷ ಬಿಲ್ಲೆಯಲ್ಲೇ ಇದೆ, ಇನ್ನು ಈ ಡಿಸ್ಕಿನಿಂದ ಎಷ್ಟು ಕಡಿಮೆ ಕೆಲಸ ತೆಗೆದುಕೊಂಡರೆ ಅಷ್ಟು ಒಳ್ಳೆಯದು ಎಂಬುದು ಸ್ಪಷ್ಟವಾಯಿತು.

ಎಲ್ಲ ಡಿಸ್ಕುಗಳ ಕಾಯಿಲೆಯೂ ಇದೇ ಆಗಿರುವುದಿಲ್ಲ ಎಂದು ಇಲ್ಲಿ ಹೇಳಿಬಿಡುತ್ತೇನೆ. ವಿಂಡೋಸಿನಲ್ಲಿ ಬಳಸಿದ ಡಿಸ್ಕು ಲೈನಕ್ಸಿನಲ್ಲಿ ತೆರೆಯದಿದ್ದರೆ, ಬಹಳ ಸಲ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ರೆಗೆ ಹೋಗಿರುವುದೇ ಕಾರಣ. ಅದನ್ನು ವಿಂಡೋಸಿನಲ್ಲೇ ತೆರೆದು ಸರಿಯಾಗಿ ಮುಚ್ಚಿದರೆ ಸಾಕು. ಗೂಢಲಿಪಿಯಿಂದ ಬೀಗ ಹಾಕಿದ ಡಿಸ್ಕಿನಲ್ಲಿ ಕೀಲಿಯ ಮಾಹಿತಿಯಿರುವ ತಲೆಭಾಗ ಹಾಳಾಗಿ, ಅದರ ನಕಲೂ ಇಲ್ಲದಿದ್ದರೆ ಯಾವ ಜಾಣ್ಮೆಯೂ ನಡೆಯದು. ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಕಡತವನ್ನು ಟ್ರಿಮ್ ಎಂಬ ಏರ್ಪಾಡು ಸಾಮಾನ್ಯವಾಗಿ ಬೇಗನೆ ಗುಡಿಸಿಹಾಕುತ್ತದೆ. ನಾನು ಹೇಳುತ್ತಿರುವುದು ತಿರುಗುವ ಬಿಲ್ಲೆಯ ಡಿಸ್ಕಿನ ಕಥೆ.

ಸದರ್ ಪತ್ರಪ್ಪ ರಸ್ತೆಗೆ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್ ಆಗಿರುವ ಆ ಕಂಪ್ಯೂಟರ್ ಪೇಟೆಗೆ ಹೋಗಿ, 4 ಟೆರಾಬೈಟಿನ ಹೊಸ ಡಿಸ್ಕು ತಂದೆವು. ಇಷ್ಟು ದೊಡ್ಡದೇಕೆ ಎಂದು ಭಾವನವರು ಮುಖ ಸಣ್ಣಗೆ ಮಾಡಿದರು. ಒಂದು ಪ್ರತಿ ಮುಟ್ಟದೆ ಇಡಲು, ಇನ್ನೊಂದು ಪ್ರತಿ ಪ್ರಯೋಗಕ್ಕೆ, ಉಳಿದ ಜಾಗ ಸಿಕ್ಕಿದ ಕಡತಗಳಿಗೆ ಎಂದು ಲೆಕ್ಕ ಹೇಳಿದ ಮೇಲೆ ಸುಮ್ಮನಾದರು.

ನಕಲು ತೆಗೆಯಲು ಬಳಸಿದ್ದು ಗ್ನು ಯೋಜನೆಯ ಡಿಡಿ‌ರೆಸ್ಕ್ಯೂ. ಆಂಟೋನಿಯೋ ಡಿಯಾಜ್ ಡಿಯಾಜ್ ಅವರು ಬರೆದ ಈ ತಂತ್ರಾಂಶದ ವಿವೇಕ ನನಗೆ ಬಹಳ ಹಿಡಿಸಿದೆ. ಸಾಮಾನ್ಯ ನಕಲು ಆಜ್ಞೆಗಳು ಓದಲಾಗದ ಜಾಗ ಬಂದೊಡನೆ ಅಲ್ಲಿಯೇ ಕುಸಿದು ಕೂರುತ್ತವೆ. ಇದು ಹಾಗಲ್ಲದೆ, ಕೆಟ್ಟ ಜಾಗ ಎದುರಾದರೆ ಅದನ್ನು ಗುರುತು ಹಾಕಿಕೊಂಡು ದಾಟಿ ಮುಂದಕ್ಕೆ ಹೋಗಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಆಮೇಲೆ ಗುರುತಿಟ್ಟ ಕಡೆಗೆ ಮರಳಿ ಅಂಚಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆಯುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು, ಮತ್ತು ಇದು ಬೆಂಗಳೂರಿನ ಮಳೆಗಾಲದಲ್ಲಿ ಸಣ್ಣ ಸೌಲಭ್ಯವಲ್ಲ. ಎಚ್ಚರ ಬೇಕಾದದ್ದು ಆಜ್ಞೆ ಬರೆಯುವಾಗ: ಮೊದಲು ಕೆಟ್ಟ ಡಿಸ್ಕಿನ ಹೆಸರು, ಆಮೇಲೆ ನಕಲಿನ ಹೆಸರು. ಎರಡು ಡಿಸ್ಕುಗಳು ಅದಲು ಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಹರಡಿಕೊಳ್ಳುತ್ತದೆ. ನಾನು ಎಂಟರ್ ಒತ್ತುವ ಮೊದಲು, ಎಲ್‌ಎಸ್‌ಬಿಎಲ್‌ಕೆ ಆಜ್ಞೆ ತೋರಿಸಿದ ಗಾತ್ರಗಳೊಂದಿಗೆ ಹೋಲಿಸಿ ಹುಡುಗನಿಂದ ಆ ಸಾಲನ್ನು ಗಟ್ಟಿಯಾಗಿ ಓದಿಸಿದೆ.

ಸೆಕೆಂಡಿಗೆ 100 ಮೆಗಾಬೈಟಿನ ಲೆಕ್ಕದಲ್ಲಿ ಒಂದು ಟೆರಾಬೈಟಿಗೆ ಸುಮಾರು ಮೂರು ಗಂಟೆ ಸಾಕು. ಮೊದಲ ಸುತ್ತು ಹೆಚ್ಚು ಕಡಿಮೆ ಅಷ್ಟರಲ್ಲೇ ಮುಗಿದು, ಉಳಿದ ಕೆಟ್ಟ ಜಾಗಗಳ ಕೆರೆತಕ್ಕೆ ಎರಡು ದಿನ ಹಿಡಿಯಿತು. ಕೊನೆಗೂ ಬಾರದೆ ಉಳಿದದ್ದು 600 ಕಿಲೋಬೈಟಿನಷ್ಟು. ಒಂದು ಟೆರಾಬೈಟಿನಲ್ಲಿ ಇದು ಸಾಸಿವೆ ಕಾಳೂ ಅಲ್ಲ. ಆದರೆ ಆ ಸಾಸಿವೆ ಬಿದ್ದಿದ್ದ ಜಾಗ ಮಾತ್ರ ಬಾಗಿಲ ಬಳಿಯೇ ಆಗಿತ್ತು.

ಇಎಕ್ಸ್‌ಟಿ4ರ ಸೂಪರ್‌ಬ್ಲಾಕ್, ಅಂದರೆ ಇಡೀ ಫೈಲ್ ಸಿಸ್ಟಮಿನ ಅಳತೆಗಳನ್ನು ಬರೆದಿಟ್ಟ ಫಲಕ, ವಿಭಾಗದ ಆರಂಭದಿಂದ 1024 ಬೈಟುಗಳಾಚೆ ಇರುತ್ತದೆ. ಅದೊಂದು ಹೋದರೆ ಲೈನಕ್ಸಿಗೆ ಇದು ಯಾವ ಊರೆಂದೇ ತಿಳಿಯುವುದಿಲ್ಲ. ಇದನ್ನು ರೂಪಿಸಿದವರಿಗೆ ಈ ಅಪಾಯ ಗೊತ್ತಿದ್ದುದರಿಂದ ಅದರ ಪ್ರತಿಗಳನ್ನು ಡಿಸ್ಕಿನುದ್ದಕ್ಕೂ ಅಲ್ಲಲ್ಲಿ ಇಟ್ಟಿದ್ದಾರೆ. ಜಾಗವನ್ನು 4 ಕಿಲೋಬೈಟಿನ ಬ್ಲಾಕುಗಳಾಗಿ ಹಂಚಿರುವ ಡಿಸ್ಕಿನಲ್ಲಿ ಮೊದಲ ಪ್ರತಿ 32768ನೆಯ ಬ್ಲಾಕಿನಲ್ಲಿ, ಅಂದರೆ ಆರಂಭದಿಂದ 128 ಮೆಗಾಬೈಟುಗಳಷ್ಟು ಒಳಗೆ ಇರುತ್ತದೆ. ಈಗ, ಎರಡನೆಯ ಪ್ರತಿಯ ಮೇಲೆ, ಅದೇ ಎಫ್‌ಎಸ್‌ಸಿಕೆಯನ್ನು ಓಡಿಸಿ, 32768ರಲ್ಲಿರುವ ಫಲಕವನ್ನು ನೋಡಿಕೋ ಎಂದೆವು. ಹುಡುಗ ನನ್ನ ಮುಖ ನೋಡಿ ನಕ್ಕ. ಅವನು ಮೊದಲ ದಿನ ಮಾಡಹೊರಟದ್ದೂ ಇದನ್ನೇ. ಆದರೆ ಇಂದು ಅದು ಕೆಡಿಸಿದರೆ ಮೊದಲ ಪ್ರತಿಯಿಂದ ಮತ್ತೊಂದು ಪ್ರತಿ ಮಾಡಿಕೊಳ್ಳಬಹುದಾಗಿತ್ತು. ಪ್ರತಿಯನ್ನು ಸುಮ್ಮನೆ ತೆರೆದು ನೋಡುವಾಗಲೂ ಒಂದು ಮಾತು ನೆನಪಿರಲಿ. ಓದಲು ಮಾತ್ರ ಎಂದು ಹೇಳಿ ಮೌಂಟ್ ಮಾಡಿದರೂ ಇಎಕ್ಸ್‌ಟಿ4 ಮಾಡಬೇಕಾದುದನ್ನು ಮೊದಲು ಟಿಪ್ಪಣಿ ಮಾಡಿಕೊಳ್ಳುವ ತನ್ನ ಜರ್ನಲ್ಲಿನಲ್ಲಿ ಬಾಕಿಯಿರುವ ಬದಲಾವಣೆಗಳನ್ನು ಬರೆದುಬಿಡುತ್ತದೆ. ನೋಲೋಡ್ ಎಂಬ ಆಯ್ಕೆಯನ್ನೂ ಸೇರಿಸಿದರೆ ಮಾತ್ರ ಅದು ನಿಜವಾಗಿಯೂ ಕೈಕಟ್ಟಿ ಕೂರುತ್ತದೆ.

ಪ್ರತಿ ಮೌಂಟ್ ಆಯಿತು. ಫೋಲ್ಡರುಗಳಲ್ಲಿ ಹೆಚ್ಚಿನವು ಹೆಸರುಸಹಿತ ಎದ್ದು ಬಂದವು. ಹೆಸರು ಕಳೆದುಕೊಂಡು ಐನೋಡ್ ಉಳಿಸಿಕೊಂಡ ಕಡತಗಳು ಲಾಸ್ಟ್ ಅಂಡ್ ಫೌಂಡ್ ಎಂಬ ಫೋಲ್ಡರಿನಲ್ಲಿ ಬರಿಯ ಸಂಖ್ಯೆಗಳಾಗಿ ಸೇರಿಕೊಂಡಿದ್ದವು. ಐನೋಡನ್ನೇ ಕಳೆದುಕೊಂಡವುಗಳಿಗೆ ಮಾತ್ರ ಫೋಟೊರೆಕ್ ಬೇಕಾಯಿತು. ಕ್ರಿಸ್ಟೋಫ್ ಗ್ರೆನಿಯೆ ಅವರ ಈ ತಂತ್ರಾಂಶ ಫೈಲ್ ಸಿಸ್ಟಮನ್ನು ನಂಬುವುದೇ ಇಲ್ಲ. ಇಡೀ ಪ್ರತಿಯನ್ನು ಮೊದಲಿನಿಂದ ಓದುತ್ತ, ಪ್ರತಿ ಬಗೆಯ ಕಡತದ ಆರಂಭದಲ್ಲಿರುವ ಗುರುತುಗಳನ್ನು ಹುಡುಕಿ, ಸಿಕ್ಕಿದಲ್ಲಿಂದ ಕಡತವನ್ನು ಎತ್ತಿಕೊಳ್ಳುತ್ತದೆ. ತುಣುಕು ತುಣುಕಾಗಿ ಹರಡಿದ್ದ ಕಡತ ಹೀಗೆ ಪೂರ್ತಿ ಸಿಗುವುದು ಕಷ್ಟ, ಹೆಸರಂತೂ ಸಿಗುವುದೇ ಅಪರೂಪ. ಎಫ್ ಅಕ್ಷರದ ಮುಂದೊಂದು ಉದ್ದ ಸಂಖ್ಯೆ, ಅಷ್ಟೇ ಹೊಸ ನಾಮಕರಣ.

ಅಂಥ ಸಾವಿರಾರು ಕಡತಗಳಲ್ಲಿ ಕನ್ನಡದವು ಯಾವುವು? ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯುನಿಕೋಡಿನಲ್ಲಿ ಬರೆದ ಸರಳ ಪಠ್ಯವಾದರೆ, ಮದುವೆ ಎಂಬ ಪದವನ್ನೇ ಕೊಟ್ಟು ಎಲ್ಲ ಕಡತಗಳಲ್ಲೂ ಹುಡುಕಬಹುದು. ಆದರೆ ಭಾವನವರ ಹಳೆಯ ಕೆಲಸವೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿತ್ತು. ಆ ಕಾಲದ ನುಡಿ ಕಡತದೊಳಗೆ ಇರುವುದು ಬೇರೆಯೇ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಹಾಗಾಗಿ ಮದುವೆ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಆಗ ಹೊಳೆದದ್ದು, ಆರ್‌ಟಿಎಫ್ ಬಗೆಯ ಕಡತ ತಾನು ಬಳಸುವ ಫಾಂಟುಗಳ ಹೆಸರನ್ನು ತನ್ನ ಆರಂಭದಲ್ಲೇ ಬರೆದಿಟ್ಟಿರುತ್ತದೆ ಎಂಬುದು. ಇಂಗ್ಲಿಷ್ ಅಕ್ಷರಗಳಲ್ಲಿ ನುಡಿ ಎಂದು ಹುಡುಕಿದೆವು, ಒಂದರ ಹಿಂದೊಂದು ಬಂದವು.

ಅವುಗಳಿಗೆ ಹೆಸರಿಡುವ ಕೆಲಸ ಇನ್ನೂ ನಡೆದಿದೆ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಭಾವನವರು ಒಂದೊಂದನ್ನೂ ತೆರೆದು, ವಧೂವರರ ಹೆಸರನ್ನೂ ಕಲ್ಯಾಣ ಮಂಟಪವನ್ನೂ ಓದಿ, ಇದು ಶ್ರೀನಗರದವರದು, ಇದು ಹನುಮಂತನಗರದವರದು, ಇವರು ಇನ್ನೂ ಅರ್ಧ ದುಡ್ಡು ಕೊಟ್ಟಿಲ್ಲ ಎನ್ನುತ್ತಾರೆ. ಪಕ್ಕದಲ್ಲಿ ಕುಳಿತ ಮಗ ಹೆಸರು ಬರೆಯುತ್ತಾನೆ.

ನಮಸ್ಕಾರ.